ಎಂಟೂವರೆಯ ಬಿಸಿ

ನವೆಂಬರ್ 4

ವೀಕ್ಷಕರು, ಗುಡ್ಡದ ಹವಾಮಾನ ಕೇಂದ್ರ, ಇವರಿಗೆ

ಮಾನ್ಯರೆ,

ಮಳೆಗಾಲದ ಋತು ವರದಿ ಸಿದ್ಧವಾಗಿದೆ. ನಿಮ್ಮ ಕೇಂದ್ರದಲ್ಲಿ ಈ ಸಲ ಈ ಪ್ರದೇಶದ ವಾಡಿಕೆಗಿಂತ ಶೇಕಡ ಹನ್ನೆರಡರಷ್ಟು ಕಡಿಮೆ ಮಳೆಯಾಗಿದೆ. ಸುತ್ತಲಿನ ಕೇಂದ್ರಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಕೊರತೆ ಇರುವುದರಿಂದ ಅದರ ಬಗ್ಗೆ ಪ್ರಶ್ನೆ ಇಲ್ಲ. ದಿನದ ಗರಿಷ್ಠ ತಾಪಮಾನ, ರಾತ್ರಿಯ ಕನಿಷ್ಠ ತಾಪಮಾನ, ಎರಡೂ ದೀರ್ಘಕಾಲದ ಸರಾಸರಿಗೆ ಹೊಂದುತ್ತವೆ.

ಪ್ರಶ್ನೆ ಇರುವುದು ಬೆಳಿಗ್ಗೆ ಎಂಟೂವರೆಗೆ ನೀವು ಓದಿ ಕಳಿಸುವ ತಾಪಮಾನದ ಬಗ್ಗೆ. ಎರಡು ವರ್ಷಗಳಿಂದ ಅದೊಂದೇ ಸರಾಸರಿಗಿಂತ 0.6 ಡಿಗ್ರಿ ಹೆಚ್ಚಾಗಿ ಬರುತ್ತಿದೆ. ಅಕ್ಕಪಕ್ಕದ ಯಾವ ಕೇಂದ್ರದಲ್ಲೂ ಹೀಗಿಲ್ಲ. ಥರ್ಮಾಮೀಟರ್ ಪೆಟ್ಟಿಗೆಯ ಹತ್ತಿರ ಹೊಸದಾಗಿ ಗೋಡೆ, ಒಲೆ, ಕಾಂಕ್ರೀಟ್ ನೆಲ ಏನಾದರೂ ಬಂದಿದೆಯೇ? ತಿಳಿಸುವುದು.

ಸರಾಸರಿ ವಿಭಾಗ, ಕೇಂದ್ರ ಕಚೇರಿ


ನವೆಂಬರ್ 12

ಮೇಡಂ ಅವರಿಗೆ,

ಸಹಿ ನೋಡಿ ಮೇಡಂ ಇರಬೇಕೆಂದು ಅಂದಾಜು ಮಾಡಿದ್ದೇನೆ. ಅಂದಾಜು ನಮ್ಮ ಇಲಾಖೆಯ ಹುಟ್ಟುಗುಣ, ತಪ್ಪಿದ್ದರೆ ಕ್ಷಮಿಸಿ.

ಗೋಡೆ ಬಂದಿಲ್ಲ. ಒಲೆ ಬಂದಿಲ್ಲ. ಕಾಂಕ್ರೀಟಂತೂ ನಾನು ಕೇಳಿಯೂ ಬಂದಿಲ್ಲ. ಮಳೆಮಾಪಕದ ಕಟ್ಟೆ ಬಿರುಕು ಬಿಟ್ಟಿದೆ ಎಂದು ಬರೆದ ಮೂರು ಅರ್ಜಿಗಳು ನಿಮ್ಮಲ್ಲೇ ಎಲ್ಲೋ ಬೆಚ್ಚಗೆ ಮಲಗಿರಬೇಕು. ಪೆಟ್ಟಿಗೆ ಅದೇ, ಅದರ ಬಿಳಿ ಬಣ್ಣ ಅದೇ, ಓದುವವನೂ ಬಹುಮಟ್ಟಿಗೆ ಅವನೇ. ಮೊದಲು ಇಲ್ಲಿ ಇಬ್ಬರಿದ್ದೆವು, ಈಗ ಒಬ್ಬನಿದ್ದೇನೆ. ನಿಮ್ಮ ಲೆಕ್ಕದಲ್ಲಿ ಬಿಸಿ ಕಡಿಮೆಯಾಗಬೇಕಿತ್ತು.

ಮಳೆ ಕಡಿಮೆಯಾದದ್ದಕ್ಕೆ ನನ್ನನ್ನು ವಿಚಾರಿಸದೆ ಬಿಟ್ಟಿದ್ದೀರಿ, ಅದಕ್ಕೆ ಋಣಿ. ಉಳಿದದ್ದಕ್ಕೆ ಇದು:

ಮಳೆಯನಳೆಯಲು ಡಬ್ಬಿ ಇದೆ, ಗಾಳಿಗೊಂದು ಚಕ್ರ;
ನನ್ನನಳೆವ ಮೇಡಮರಿಗೆ ದೃಷ್ಟಿಯೇಕೆ ವಕ್ರ?

ಇಲ್ಲಿ ವೈರ್‌ಲೆಸ್ ಇರುವುದು ಅಂಕಿ ಹೇಳುವುದಕ್ಕೆ ಮಾತ್ರ. ಮಾತು ಬೇಕಾದರೆ ವಾರಕ್ಕೊಮ್ಮೆ ಸಾಮಾನು ತರುವ ವ್ಯಾನೇ ಗತಿ. ಆದ್ದರಿಂದ ಬೈಯುವುದಿದ್ದರೂ ಕಾಗದದಲ್ಲೇ ಬೈಯಿರಿ.

ವೀಕ್ಷಕ


ನವೆಂಬರ್ 20

ಮಾನ್ಯರೆ,

ನಿಮ್ಮ ಪದ್ಯವನ್ನು ಯಾವ ಫೈಲಿಗೆ ಹಾಕಬೇಕೆಂದು ಜವಾನ ಕೇಳಿದ. ದೂರು ಎಂದು ಬರೆದುಕೊಟ್ಟೆ.

ವಿಷಯ ನಗುವಂಥದ್ದಲ್ಲ, ನೇರವಾಗಿ ಹೇಳುತ್ತೇನೆ. ಒಂದು ಕೇಂದ್ರಕ್ಕೆ ತನ್ನದೇ ವಾಡಿಕೆ ಅಂಕಿ ಸಿಗಬೇಕಾದರೆ ಮೂವತ್ತು ವರ್ಷದ ದಾಖಲೆ ಬೇಕು. ನಿಮ್ಮ ಕೇಂದ್ರಕ್ಕೆ ಬರುವ ಫೆಬ್ರವರಿಯ ಕೊನೆಗೆ ಮೂವತ್ತು ತುಂಬುತ್ತದೆ. ಈ ಎರಡು ವರ್ಷದ ಬೆಳಗಿನ ಅಂಕಿಗಳು ಅನುಮಾನದವು ಎಂದಾದರೆ ಉಳಿಯುವುದು ಇಪ್ಪತ್ತೆಂಟು. ಇಪ್ಪತ್ತೆಂಟಕ್ಕೆ ವಾಡಿಕೆ ಇಲ್ಲ. ವಾಡಿಕೆ ಇಲ್ಲದ ಕೇಂದ್ರವನ್ನು ಮುಚ್ಚಿ, ಪಕ್ಕದ ಕೇಂದ್ರದ ಅಂಕಿಯನ್ನೇ ಬಳಸಬಹುದು ಎಂದು ನಿರ್ದೇಶಕರು ಈಗಾಗಲೇ ಟಿಪ್ಪಣಿ ಬರೆದಿದ್ದಾರೆ. ಹಳೆಯ ದಾಖಲೆಯಷ್ಟೂ ಗೋದಾಮಿಗೆ ಹೋಗುತ್ತದೆ.

ಬೆಳಿಗ್ಗೆ ಪೆಟ್ಟಿಗೆಯ ಬಾಗಿಲು ತೆಗೆಯುವುದರಿಂದ ಹಿಡಿದು ಮುಚ್ಚುವ ತನಕ ಏನೇನು ಮಾಡುತ್ತೀರಿ, ಒಂದೂ ಬಿಡದೆ ಬರೆಯಿರಿ. ಪ್ರಾಸ ಬೇಡ.

ಸರಾಸರಿ ವಿಭಾಗ


ನವೆಂಬರ್ 28

ಮೇಡಂ,

ಪ್ರಾಸ ಬಿಟ್ಟು ಬರೆಯುತ್ತಿದ್ದೇನೆ, ಚಪ್ಪಲಿ ಬಿಟ್ಟು ನಡೆದ ಹಾಗಿದೆ.

ಮನೆಯಿಂದ ಪೆಟ್ಟಿಗೆಗೆ ಹುಲ್ಲಿನ ನಡುವೆ ಸವೆದ ದಾರಿ. ಪೆಟ್ಟಿಗೆ ನನ್ನ ಎದೆಯ ಎತ್ತರಕ್ಕಿದೆ, ನಾಲ್ಕೂ ಕಡೆ ಗಾಳಿಯಾಡುವ ಪಟ್ಟಿಗಳು. ಬಾಗಿಲು ತೆಗೆಯುತ್ತೇನೆ. ಸ್ವಲ್ಪ ಹೊತ್ತಿಗೆ ಒಣ ಥರ್ಮಾಮೀಟರ್ ಓದುತ್ತೇನೆ, ಆಮೇಲೆ ಒದ್ದೆ ಬಟ್ಟೆ ಸುತ್ತಿದ್ದನ್ನು. ಬರೆದುಕೊಳ್ಳುತ್ತೇನೆ. ಬಾಗಿಲು ಹಾಕುತ್ತೇನೆ. ಒಳಗೆ ಬಂದು ವೈರ್‌ಲೆಸ್‌ನಲ್ಲಿ ಹೇಳುತ್ತೇನೆ. ಅಷ್ಟೇ.

ಮೊದಲು ಓದುತ್ತಿದ್ದವಳು ನನ್ನ ಹೆಂಡತಿ, ಬರೆಯುತ್ತಿದ್ದವನು ನಾನು. ನಾವು ಬಂದು ಇಪ್ಪತ್ತು ವರ್ಷ; ಅದಕ್ಕೆ ಹಿಂದಿನ ಹತ್ತು ವರ್ಷ ಇದ್ದ ವೀಕ್ಷಕರು ಮೊದಲ ದಿನ ಇಬ್ಬರಿಗೂ ಹೇಳಿಕೊಟ್ಟಾಗಲೇ ಅವಳ ಕಣ್ಣು ನನಗಿಂತ ಚುರುಕು ಎಂದು ತೀರ್ಮಾನವಾಗಿತ್ತು. ಇಲಾಖೆಯ ಸಂಬಳದ ಪಟ್ಟಿಯಲ್ಲಿ ಅವಳಿಲ್ಲ. ಆದರೆ ನಿಮ್ಮ ಇಪ್ಪತ್ತೆಂಟರಲ್ಲಿ ಹದಿನೆಂಟು ಅವಳ ಕಣ್ಣಿನದು. ಅದು ಗೋದಾಮಿಗೆ ಹೋಗಬಾರದು ಮೇಡಂ. ನಾನು ಬೇಕಾದರೆ ಹೋಗುತ್ತೇನೆ.

ವೀಕ್ಷಕ


ಡಿಸೆಂಬರ್ 6

ವೀಕ್ಷಕರೇ,

ನೀವು ಎಲ್ಲವನ್ನೂ ಬರೆದಿದ್ದೀರಿ, ‘ಸ್ವಲ್ಪ ಹೊತ್ತು’ ಎನ್ನುವುದೊಂದನ್ನು ಬಿಟ್ಟು.

ನಿಮ್ಮ ಒದ್ದೆ ಥರ್ಮಾಮೀಟರಿನ ಅಂಕಿಗಳನ್ನೂ ತೆಗೆದು ನೋಡಿದೆ. ಎರಡು ವರ್ಷದಿಂದ ಎಂಟೂವರೆಗೆ ಪೆಟ್ಟಿಗೆಯ ಗಾಳಿಯಲ್ಲಿ ತೇವವೂ ಹೆಚ್ಚು. ಒಲೆಯಿಂದ ಬರುವ ಬಿಸಿ ಒಣಗಿರುತ್ತದೆ. ಬಿಸಿಲಿನದೂ ಹಾಗೇ. ಬಿಸಿ, ತೇವ ಎರಡೂ ಒಟ್ಟಿಗೆ ಬರುವುದು ಒಂದೇ ಒಂದು ಕಡೆಯಿಂದ, ಅದು ಬಾಯಿ.

ಯಾರೋ ಆ ಪೆಟ್ಟಿಗೆಯ ಬಾಗಿಲು ತೆಗೆದು, ಅದರ ಮುಂದೆ ನಿಂತು, ಬಹಳ ಹೊತ್ತು ಮಾತಾಡುತ್ತಿದ್ದಾರೆ. ಆಮೇಲೆ ಓದುತ್ತಿದ್ದಾರೆ. ಅದು ಯಾರು?

ಸರಾಸರಿ ವಿಭಾಗ


ಡಿಸೆಂಬರ್ 14

ಮೇಡಂ,

ನಾನೇ.

ಅವಳು ತೀರಿಕೊಂಡು ಈ ಅಕ್ಟೋಬರಿಗೆ ಎರಡು ವರ್ಷ ಆಯಿತು. ಅವಳು ಓದುತ್ತಿದ್ದ ರೀತಿಯೇ ಬೇರೆ. ಕಳ್ಳಬೆಕ್ಕಿನ ಹಾಗೆ ಬರುತ್ತಿದ್ದಳು, ಬಾಗಿಲು ತೆಗೆದು ಇಣುಕಿ ಟಪ್ ಎಂದು ಮುಚ್ಚಿ, ಹತ್ತು ಹೆಜ್ಜೆ ಆಚೆ ನಿಂತವನಿಗೆ ಕೂಗುತ್ತಿದ್ದಳು: “ಒಣ ಏಳು ಪಾಯಿಂಟ್ ಎರಡು! ಬರ್ಕೊಂಡ್ರಾ, ಇಲ್ಲ ಮೋಡ ನೋಡ್ತಾ ನಿಂತ್ರಾ?” ನಾನು ಮೋಡ ನೋಡುತ್ತ ನಿಂತಿರುತ್ತಿದ್ದೆ.

ಅವಳು ಹೋದ ಮೇಲೆ ಮೊದಲ ಬೆಳಿಗ್ಗೆ ನಾನು ಬಾಗಿಲು ತೆಗೆದೆ. ಓದುವುದಕ್ಕೆ ಮೊದಲು ಏನಾದರೂ ಹೇಳಬೇಕು ಅನ್ನಿಸಿತು. “ನೋಡೇ, ಇವತ್ತು ನಾನೇ ಬಂದೆ” ಅಂದೆ. ಮಾರನೆ ದಿನ ಇನ್ನೊಂದು ಮಾತು. ಈಗ ಹಿಂದಿನ ದಿನದ್ದೆಲ್ಲ ಅಲ್ಲೇ ಒಪ್ಪಿಸುತ್ತೇನೆ: ಗಾಳಿಗೆ ಹೆಂಚು ಹಾರಿದ್ದು, ಅಂಗಿಯ ಗುಂಡಿ ನಾನೇ ಹೊಲಿದು ಅದು ಬಟ್ಟೆಯ ಒಳಮಗ್ಗುಲಿಗೆ ಬಂದದ್ದು, ವ್ಯಾನಿನ ಡ್ರೈವರ್ ಹಾರ್ನಪ್ಪನ ಮಗಳ ಪರೀಕ್ಷೆ. ಒಳಗೆ ಮನೆಯಲ್ಲಿ ಮಾತಾಡಿದರೆ ಗೋಡೆ ವಾಪಸ್ಸು ಹೇಳುತ್ತದೆ. ಪೆಟ್ಟಿಗೆ ಕೇಳಿಸಿಕೊಂಡು ಸುಮ್ಮನಿರುತ್ತದೆ.

ಬೇಗ ಓದಬೇಕು, ಹತ್ತಿರ ಉಸಿರು ಬಿಡಬಾರದು ಎಂಬ ನಿಯಮ ನನಗೆ ಬಾಯಿಪಾಠ. ಮಾತಿಗೂ ಬಿಸಿ ಇರುತ್ತದೆ ಎನ್ನುವುದು ಹೊಳೆದಿರಲಿಲ್ಲ.

ಇನ್ನೇನು, ಮುಚ್ಚುತ್ತೀರಾ?

ವೀಕ್ಷಕ


ಡಿಸೆಂಬರ್ 22

ವೀಕ್ಷಕರೇ,

ನಿಮ್ಮ ಕಾಗದವನ್ನು ನಿರ್ದೇಶಕರಿಗೆ ತೋರಿಸಿಲ್ಲ. ‘ವೀಕ್ಷಕರು ಓದುವ ಮೊದಲು ಪೆಟ್ಟಿಗೆಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಿದ್ದರು’ ಎಂದು ಟಿಪ್ಪಣಿ ಬರೆದೆ. ಅವರು ಕನ್ನಡಕ ತೆಗೆದು ಕೇಳಿದರು: “ಅಲ್ರೀ, ಅಷ್ಟು ಹೊತ್ತು ನಿಂತು ಏನ್ ಮಾಡ್ತಾರೆ ಆಯಪ್ಪ?” “ಚಳಿ ಸಾರ್, ಕೈ ನಡುಗುತ್ತೆ, ಪೆನ್ನು ಹಿಡಿಯೋಕೆ ಹೊತ್ತಾಗುತ್ತೆ” ಅಂದೆ. ನನ್ನ ನೌಕರಿಯಲ್ಲಿ ಇಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ಇದೇ ಮೊದಲು.

ಒಂದು ದಾರಿಗೆ ಒಪ್ಪಿದ್ದಾರೆ. ಜನವರಿ ಒಂದರಿಂದ ಪ್ರತಿ ಬೆಳಿಗ್ಗೆ ಎರಡು ಸಲ ಓದಿ. ಮೊದಲನೆಯದು ನಿಮ್ಮ ಮನೆಯವರು ಓದುತ್ತಿದ್ದ ಹಾಗೆ: ಉಸಿರು ಹಿಡಿದು, ಇಣುಕಿ, ಮುಚ್ಚಿ. ಎರಡನೆಯದು ನೀವು ಈ ಎರಡು ವರ್ಷ ಓದಿದ ಹಾಗೆ, ಮಾತು ಮುಗಿಸಿ. ಎರಡೂ ಅಂಕಿ ವೈರ್‌ಲೆಸ್‌ನಲ್ಲಿ ಹೇಳಿ. ನಡುವಿನ ವ್ಯತ್ಯಾಸ ದಿನದಿನವೂ ಒಂದೇ ಸಮ ಬಂದರೆ, ಅಷ್ಟನ್ನು ಎರಡು ವರ್ಷದ ಅಂಕಿಗಳಿಂದ ಕಳೆದು ದಾಖಲೆ ಉಳಿಸಿಕೊಳ್ಳಬಹುದು. ಏರುಪೇರಾದರೆ ಕಳೆಯುವುದಕ್ಕೆ ಅಂಕಿಯೇ ಇರುವುದಿಲ್ಲ. ಆದ್ದರಿಂದ ಮಾತು ಹೆಚ್ಚೂ ಬೇಡ, ಕಡಿಮೆಯೂ ಬೇಡ. ಎಂದಿನಷ್ಟೇ ಆಡಿ. ಇದು ಕಚೇರಿ ಆದೇಶ.

ನಿಮ್ಮ ಮನೆಯವರ ವಿಷಯ ಓದಿದೆ. ಅವರು ಓದಿದ ಹದಿನೆಂಟು ವರ್ಷದ ಅಂಕಿಗಳನ್ನು ಇವತ್ತು ತಿರುವಿ ಹಾಕಿದೆ. ತಿದ್ದಿದ ಗುರುತು ಒಂದೂ ಇಲ್ಲ.

ಸರಾಸರಿ ವಿಭಾಗ


ಜನವರಿ 5

ಸರಾಸರಿ ಮೇಡಂ,

ಒಂದು ಓದು ಮೂಗು ಹಿಡಿದು, ಇನ್ನೊಂದು ಹರಟೆ ಹೊಡೆದು;
ಇಂಥ ಕೆಲಸ ಯಾರಿಗುಂಟು ಊರು ಊರು ಅಲೆದು?

ಎರಡು ವರ್ಷ ಕದ್ದು ಆಡಿದ ಮಾತನ್ನು ಈಗ ಸರ್ಕಾರದ ಅಪ್ಪಣೆಯ ಮೇಲೆ ಆಡುತ್ತಿದ್ದೇನೆ. ಮೊದಲ ದಿನ ನಾಚಿಕೆಯಾಯಿತು. ಕೆಮ್ಮಿ ಗಂಟಲು ಸರಿ ಮಾಡಿಕೊಂಡು “ಕಚೇರಿ ಆದೇಶದ ಮೇರೆಗೆ ತಿಳಿಸುವುದೇನೆಂದರೆ” ಎಂದು ಶುರು ಮಾಡಿದೆ. ಅವಳಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಆಮೇಲೆ ಸರಾಗವಾಯಿತು. ಅಂಕಿ ನೋಡಿದ್ದೀರಿ: ದಿನವೂ 0.6.

ಹಾರ್ನಪ್ಪ ಮೊನ್ನೆ ಬೇಗ ಬಂದುಬಿಟ್ಟಿದ್ದ. ನಾನು ಪೆಟ್ಟಿಗೆಯ ಮುಂದೆ ಕೈ ಆಡಿಸುತ್ತ ನಿಂತಿದ್ದು ಕಂಡು, “ಯಾರ ಜೊತೆ ಸಾರ್ ಜಗಳ?” ಅಂದ. “ಡ್ಯೂಟಿ ಮೇಲಿದ್ದೀನಯ್ಯ, ಮಧ್ಯೆ ಬಾಯಿ ಹಾಕಬೇಡ” ಅಂದೆ. ಗಾಡಿಯೊಳಗೆ ಹೋಗಿ ಕೂತವನು ಹಾರ್ನು ಕೂಡ ಹೊಡೆಯಲಿಲ್ಲ.

ನಿಮ್ಮ ಕಚೇರಿ ಹೇಗಿದೆ? ಇಪ್ಪತ್ತು ವರ್ಷ ಅಂಕಿ ಕಳಿಸಿದ್ದೇನೆ, ಅವು ಹೋಗಿ ಯಾವ ಮೇಜಿನ ಮೇಲೆ ಕೂರುತ್ತವೆಂದು ಗೊತ್ತಿಲ್ಲ.

ವೀಕ್ಷಕ


ಜನವರಿ 13

ವೀಕ್ಷಕರೇ,

ಮೂರನೆಯ ಮಹಡಿ, ಕಿಟಕಿಯ ಪಕ್ಕದ ಮೇಜು. ಕಿಟಕಿ ತೆರೆಯುವುದಿಲ್ಲ, ಹೊರಗೆ ಯಾವ ಹವಾಮಾನ ಇದೆಯೆಂದು ತಿಳಿಯಲು ನಾವೂ ನಿಮ್ಮ ಅಂಕಿಯನ್ನೇ ಕಾಯಬೇಕು. ಮೊದಲು ಈ ಹಾಲಿನಲ್ಲಿ ಮೇಜಿಗೊಬ್ಬರು ಕೂತು ಕೂಡುತ್ತ ಕಳೆಯುತ್ತ ಇದ್ದರು. ಮಧ್ಯಾಹ್ನ ಡಬ್ಬಿ ತೆರೆದಾಗ ಮುಚ್ಚಳಗಳ ಸದ್ದಿಗೆ ನಿರ್ದೇಶಕರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಲೆಕ್ಕದ ಯಂತ್ರ ಬಂದ ಮೇಲೆ ಒಬ್ಬೊಬ್ಬರಾಗಿ ಹೋದರು. ಈಗ ಒಂದೇ ಮುಚ್ಚಳದ ಸದ್ದು. ಜವಾನನಿಗೆ ನಾನು ಸರಾಸರಿ ಅಕ್ಕ. “ಅಕ್ಕಾ, ಇವತ್ತು ಹೆಚ್ಚೋ ಕಮ್ಮಿನೋ?” ಎಂದು ದಿನಾ ಕೇಳಿ, ಉತ್ತರಕ್ಕೆ ಕಾಯದೆ ಹೋಗುತ್ತಾನೆ.

ನಾನಿರುವ ಕೋಣೆ ಇಸ್ತ್ರಿ ಅಂಗಡಿಯ ಮೇಲಿದೆ. ಹಗಲೆಲ್ಲ ನೆಲ ಬೆಚ್ಚಗಿರುತ್ತದೆ. ಅಂಗಡಿಗೆ ರಜೆ ಇದ್ದ ದಿನ ಕಾಲಿಗೆ ಗೊತ್ತಾಗುತ್ತದೆ. ಕಿಟಕಿಯ ಸರಳಿಗೆ ನನ್ನದೇ ಒಂದು ಥರ್ಮಾಮೀಟರ್ ಕಟ್ಟಿದ್ದೇನೆ. ಅದರ ಅಂಕಿ ಯಾವ ವರದಿಗೂ ಹೋಗುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಆದರೂ ಓದುತ್ತೇನೆ. ಕೆಟ್ಟ ಚಾಳಿ.

ನಿನ್ನೆ ನಿಮ್ಮ ವ್ಯತ್ಯಾಸ 0.5 ಬಂದಿದೆ. ಇವತ್ತೂ ಅಷ್ಟೇ. ಗಮನವಿರಲಿ.

ಸರಾಸರಿ ಅಕ್ಕ ಎನ್ನುವುದಕ್ಕಿಂತ ಸರಾಸರಿ ಮೇಡಂ ವಾಸಿ.


ಜನವರಿ 21

ಸರಾಸರಿ ಮೇಡಂ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆ ಎಂದರೆ, ಅದರ ಸರಾಸರಿ ತೆಗೆಯಬಹುದು.

ಒಂದು ತಮಾಷೆ ಹೇಳುತ್ತೇನೆ. ಇತ್ತೀಚೆಗೆ ಬೆಳಿಗ್ಗೆ ಪೆಟ್ಟಿಗೆಯ ಮುಂದೆ ನಿಂತರೆ ಮಾತೇ ಬರುವುದಿಲ್ಲ. ನಿನ್ನೆ ಮಳೆಮಾಪಕದೊಳಗೆ ಕಪ್ಪೆಯೊಂದು ಕೂತಿತ್ತು, ಮುಖ ನೋಡಿದರೆ ನಿಮ್ಮ ನಿರ್ದೇಶಕರ ಹಾಗೆ ಕನ್ನಡಕ ತೆಗೆದಿಟ್ಟಂತಿತ್ತು. ಇದನ್ನು ಹೇಳೋಣವೆಂದು ಬಾಯಿ ತೆರೆದೆ, ‘ಬೇಡ, ಕಾಗದದಲ್ಲಿ ಮೇಡಂಗೆ ಬರೆಯೋಣ, ಇಲ್ಲೇ ಹೇಳಿದರೆ ರುಚಿ ಹೋಗುತ್ತದೆ’ ಅನ್ನಿಸಿ ಮುಚ್ಚಿಕೊಂಡೆ. ಈಗೀಗ ಎಲ್ಲಾ ಹೀಗೆಯೇ ಕಾಗದಕ್ಕೆ ಎತ್ತಿಡುತ್ತಿದ್ದೇನೆ. ಪೆಟ್ಟಿಗೆಗೆ ಸಿಗುವುದು ‘ಸರಿ, ಬರ್ತೀನಿ’ ಅಷ್ಟೇ.

ವ್ಯತ್ಯಾಸ ನೋಡಿದಿರಾ? 0.3ಕ್ಕೆ ಇಳಿದಿದೆ! ಖುಷಿಪಡಿ. ಕಾಯಿಲೆಯವನಿಗೆ ಜ್ವರ ಬಿಟ್ಟ ಹಾಗೆ.

ನೀವು ಇಷ್ಟುದ್ದ ಕಾಗದ ಬರೆಯುತ್ತ ಕೂತರೆ ಮನೆಯವರು ಏನೂ ಅನ್ನುವುದಿಲ್ಲವೇ? ಅವರಿಗೂ ನನ್ನ ನಮಸ್ಕಾರ ತಿಳಿಸಿ. ಮಕ್ಕಳಿದ್ದರೆ ಕಪ್ಪೆಯ ವಿಷಯ ಹೇಳಿ.

ಗುಡ್ಡದ ಹರಟೆಮಲ್ಲ


ಜನವರಿ 29

ಮಾನ್ಯರೆ,

ಅಂಕಿಗಳು ತಲುಪಿವೆ. ಪರೀಕ್ಷೆಯನ್ನು ಫೆಬ್ರವರಿ ಅಂತ್ಯದವರೆಗೆ ಮುಂದುವರಿಸುವುದು.

ಸರಾಸರಿ ವಿಭಾಗ, ಕೇಂದ್ರ ಕಚೇರಿ


ಫೆಬ್ರವರಿ 6

ಮೇಡಂ,

ಹಾರ್ನಪ್ಪ ನಿಮ್ಮ ಲಕೋಟೆ ಕೊಟ್ಟಾಗ ಒಡೆಯದೆ ಜೇಬಿಗೆ ಹಾಕಿಕೊಂಡೆ. ಸಾಮಾನು ಇಳಿಸಿ, ಟೀ ಕಾಯಿಸಿ, ಕುರ್ಚಿಯನ್ನು ಬಿಸಿಲಿಗೆ ಎಳೆದುಕೊಂಡು ಆಮೇಲೆ ಒಡೆದೆ. ಟೀ ಲೋಟ ತುಟಿಗೆ ಹೋಗುವಷ್ಟರಲ್ಲಿ ಮುಗಿದುಹೋಯಿತು.

ಕೆಲಸ ಹೆಚ್ಚಿರಬಹುದು. ಚಳಿಗಾಲದ ವರದಿಯ ಹೊತ್ತು, ಗೊತ್ತು. ಆದರೆ ‘ಮನೆಯವರು’ ಎಂದು ಬರೆದದ್ದು ಅಧಿಕಪ್ರಸಂಗವಾಯಿತೇನೋ ಎಂದು ನಾಲ್ಕು ದಿನದಿಂದ ಕೊರೆಯುತ್ತಿದೆ. ಯಾರಾದರೂ ಬೇಸರ ಮಾಡಿಕೊಂಡಿದ್ದರೆ, ಗುಡ್ಡದ ಮೇಲೊಬ್ಬ ಮುದುಕನಾಗುತ್ತಿರುವ ವಿಧುರ ಇದ್ದಾನೆ, ಮಾತಿಗೆ ಬರಗಾಲ, ಸಿಕ್ಕವರನ್ನು ಹಿಡಿದು ಕೂರಿಸುತ್ತಾನೆ ಎಂದು ಹೇಳಿಬಿಡಿ.

ವೀಕ್ಷಕ


ಫೆಬ್ರವರಿ 14

ಮೇಡಂ,

ಈ ವಾರವೂ ಏನಿಲ್ಲ. ವ್ಯಾನು ತಿರುವಿನಲ್ಲಿ ಕಾಣುವಾಗಲೇ ಹಾರ್ನಪ್ಪ ಕೈ ಆಡಿಸಿ ‘ಇಲ್ಲ’ ಅನ್ನುತ್ತಾನೆ. ಹತ್ತಿರ ಬಂದು ಹೇಳುವುದಕ್ಕೆ ಅವನಿಗೂ ಕಷ್ಟ. “ಬಿಡಿ ಸಾರ್, ದೊಡ್ಡ ಆಫೀಸು, ಅವರಿಗೆ ನೂರೆಂಟು ಇರ್ತವೆ” ಅಂದ. ಅವನು ಸಮಾಧಾನ ಹೇಳಿದ್ದು ಕೇಳಿದ ಮೇಲೇ ನನ್ನ ಮುಖ ಹೇಗಿದೆಯೆಂದು ಗೊತ್ತಾದದ್ದು.

ಪದ್ಯ ಒಂದು ಸಾಲಿಗೇ ನಿಂತಿದೆ, ಎರಡನೆಯದು ಬರುತ್ತಿಲ್ಲ:

ವ್ಯಾನು ಬಂತು, ವ್ಯಾನು ಹೋಯ್ತು, ಧೂಳು ಮಾತ್ರ ಉಳಿಯಿತು;

ಕಟ್ಟೆಗೆ ಸಿಮೆಂಟು ಬಂದಿದೆ, ವಂದನೆ. ಅದನ್ನಾದರೂ ನೀವೇ ಕಳಿಸಿರಬೇಕು.

ವೀಕ್ಷಕ


ಫೆಬ್ರವರಿ 22

ಮೇಡಂ,

ಇನ್ನು ತೊಂದರೆ ಕೊಡುವುದಿಲ್ಲ.

ಪೆಟ್ಟಿಗೆಗೆ ಮತ್ತೆ ಎಲ್ಲಾ ಹೇಳುತ್ತಿದ್ದೇನೆ. ಕಪ್ಪೆಯ ಕಥೆಯೂ ಹೇಳಿದೆ. ನಿಮ್ಮ ವಿಷಯವೂ: “ಕೆಳಗೆ ಒಬ್ಬರಿದ್ದರು ಕಣೇ, ಚೆನ್ನಾಗಿ ಬರೀತಿದ್ದರು. ಈಗ ಬರೆಯಲ್ಲ. ನಿನ್ನ ಗಂಡ ಜಾಸ್ತಿ ಮಾತಾಡಿಬಿಟ್ಟ ಅಂತ ಕಾಣುತ್ತೆ.” ಅವಳು ಇದ್ದಿದ್ದರೆ “ಮತ್ತಿನ್ನೇನು” ಅನ್ನುತ್ತಿದ್ದಳು.

ವ್ಯತ್ಯಾಸ ಮತ್ತೆ 0.6. ಜ್ವರ ತಿರುಗಿ ಬಂದಿದೆ. ನಿಮ್ಮ ಕೆಲಸಕ್ಕೆ ತೊಡಕಾಗಿದ್ದರೆ ಕ್ಷಮೆ ಇರಲಿ.

ವೀಕ್ಷಕ


ಮಾರ್ಚ್ 3

ವೀಕ್ಷಕರೇ,

ಕಚೇರಿ ಮಾತು ಮೊದಲು. ಫೆಬ್ರವರಿಯಲ್ಲಿ ಮೊದಲ ವಾರ ಬಿಟ್ಟು ಆ ತಿಂಗಳ ಉಳಿದ ಅಷ್ಟೂ ದಿನ ನಿಮ್ಮ ಎರಡು ಓದುಗಳ ವ್ಯತ್ಯಾಸ 0.6, ಕೂದಲೆಳೆಯಷ್ಟೂ ಅಲುಗಿಲ್ಲ. ಎರಡು ವರ್ಷದ ಅಂಕಿಗಳಿಂದ ಅಷ್ಟನ್ನು ಕಳೆಯಲು ನಿರ್ದೇಶಕರು ಒಪ್ಪಿ ಸಹಿ ಹಾಕಿದ್ದಾರೆ. ಮೂವತ್ತು ವರ್ಷ ತುಂಬಿತು. ಕೇಂದ್ರ ಮುಚ್ಚುವುದಿಲ್ಲ. ಗುಡ್ಡಕ್ಕೆ ಅದರದೇ ವಾಡಿಕೆ ಬಂತು, ಅಚ್ಚಾದ ಹಾಳೆ ಇದರ ಜೊತೆಗಿದೆ.

ಜನವರಿಯಲ್ಲಿ ವ್ಯತ್ಯಾಸ ಯಾಕೆ ಕುಸಿಯಿತು ಎಂದು ಅವರು ಕೇಳಿದರು. ‘ಆ ಅವಧಿಯಲ್ಲಿ ವೀಕ್ಷಕರ ಮಾತು ಬೇರೆಡೆ ಖರ್ಚಾಗುತ್ತಿತ್ತು’ ಎಂದು, ಚಳಿಯ ಸುಳ್ಳು ಬಿಟ್ಟು, ಟಿಪ್ಪಣಿಯಲ್ಲೇ ಬರೆದಿದ್ದೆ. “ಬೇರೆಡೆ ಅಂದ್ರೆ ಎಲ್ಲಮ್ಮ?” “ಪತ್ರ ವ್ಯವಹಾರ, ಸಾರ್.” “ಯಾರ ಜೊತೆ?” “ಸರಾಸರಿ ವಿಭಾಗದ ಜೊತೆ.” ಅವರು ಕನ್ನಡಕ ಹಾಕಿಕೊಂಡು ನನ್ನನ್ನೊಮ್ಮೆ ನೋಡಿ ಸಹಿ ಮಾಡಿದರು.

ಈಗ ಉಳಿದದ್ದು. ಅಂಕಿ ನನಗೆ ದಿನವೂ ವೈರ್‌ಲೆಸ್‌ನಲ್ಲಿ ಬರುತ್ತದೆ, ಕಾಗದ ವಾರಕ್ಕೊಮ್ಮೆ. ನೀವು ಸಂತೋಷವಾಗಿದ್ದೀರಿ ಎನ್ನುವುದು ನಿಮಗಿಂತ ಮೊದಲು ನನಗೆ ತಿಳಿಯಿತು. 0.5, 0.4, 0.3. ವ್ಯತ್ಯಾಸ ಒಂದೇ ಸಮ ಇರಬೇಕೆಂಬುದನ್ನು ಆ ಖುಷಿಯಲ್ಲಿ ನೀವು ಮರೆತಿರಿ. ಇನ್ನೆರಡು ಕಾಗದ ಬರೆದಿದ್ದರೆ ಸೊನ್ನೆಗೆ ಇಳಿಯುತ್ತಿತ್ತು, ನಿಮ್ಮ ಮನೆಯವರ ಹದಿನೆಂಟು ವರ್ಷ ಗೋದಾಮಿಗೆ ಹೋಗುತ್ತಿತ್ತು. ಅದು ಹೋಗಬಾರದು ಎಂದು ನೀವೇ ಬರೆದಿದ್ದಿರಿ. ಆದ್ದರಿಂದ ಬರೆಯುವುದನ್ನು ನಿಲ್ಲಿಸಿದೆ. ಕಾರಣ ಹೇಳಿದ್ದರೆ ನೀವು ಆಮೇಲೆ ನಟಿಸುತ್ತಿದ್ದಿರಿ. ನಟನೆಯ ಮಾತಿಗೆ ಎಷ್ಟು ಬಿಸಿ ಇರುತ್ತದೆ ಎನ್ನುವುದಕ್ಕೆ ನನ್ನಲ್ಲಿ ಲೆಕ್ಕವಿಲ್ಲ.

ನಿಮ್ಮ ಕಾಗದಗಳನ್ನು ಬಂದ ತಕ್ಷಣ, ಕೂರುವುದಕ್ಕೂ ಮೊದಲು, ನಿಂತೇ ಓದಿದೆ. ಮರುದಿನ ಬೆಳಿಗ್ಗೆ ನಿಮ್ಮ ಅಂಕಿ ಏರಿದ್ದು ನೋಡಿ ‘ಸರಿಯಾಗುತ್ತಿದೆ’ ಅಂದುಕೊಂಡೆ. ಅದು ಯಾವ ಬಗೆಯ ಸರಿ ಎಂದು ನನಗೆ ಗೊತ್ತಿತ್ತು.

ಮನೆಯವರಿಗೆ ನಮಸ್ಕಾರ ತಿಳಿಸಿ ಎಂದಿದ್ದಿರಿ. ತಿಳಿಸಲು ಯಾರೂ ಇಲ್ಲ. ಮನೆಯಲ್ಲಿ ನನ್ನ ಜೊತೆಗಿರುವುದು ಕೆಳಗಿನ ಇಸ್ತ್ರಿಪೆಟ್ಟಿಗೆಯ ಬಿಸಿ ಒಂದೇ. ಕಪ್ಪೆಯ ವಿಷಯ ಜವಾನನಿಗೆ ಹೇಳಿದೆ. ಆ ದಿನ ಅವನು ಉತ್ತರಕ್ಕೆ ಕಾದು ನಿಂತಿದ್ದ.

ನಿಮ್ಮ ಎರಡನೆಯ ಸಾಲು ನನ್ನ ಕೈಲಾದಷ್ಟು:

ಇಲ್ಲೊಬ್ಬಳಿಗೆ ಸುಮ್ಮನಿರುವ ಕಷ್ಟವೇನೆಂದು ತಿಳಿಯಿತು.

ಮಾತ್ರೆ ಹೆಚ್ಚಿದ್ದರೆ ಕಳೆದುಕೊಳ್ಳಿ.

ಸರಾಸರಿ ಮೇಡಂ


ಮಾರ್ಚ್ 18

ಸರಾಸರಿ ಮೇಡಂ,

ಕಳೆದ ವಾರದ ವ್ಯಾನಿಗೆ ಉತ್ತರ ಕೊಡಲಿಲ್ಲ. ಕೋಪ ಇತ್ತು. ನನ್ನನ್ನು ತಕ್ಕಡಿಯಲ್ಲಿಟ್ಟು ತೂಗಿ, ತೂಕ ಸರಿ ಬರುವ ತನಕ ಇಳಿಸಲೇ ಇಲ್ಲವಲ್ಲ ಅನ್ನಿಸಿತು. ಪೆಟ್ಟಿಗೆಗೆ ಅದನ್ನೂ ಹೇಳಿದೆ, ಬಾಗಿಲು ಮುಚ್ಚಿದ ಮೇಲೆ, ಹತ್ತು ಹೆಜ್ಜೆ ಆಚೆ ನಿಂತು. ಈಗ ಮಾತಿಗೆ ಅದೇ ಜಾಗ. ಮೊದಲು ಬರೆದುಕೊಳ್ಳುತ್ತ ನಿಲ್ಲುತ್ತಿದ್ದದ್ದೂ ಅಲ್ಲೇ.

ನೀವು ಕಳಿಸಿದ ಹಾಳೆಯನ್ನು ಒಲೆಯ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ಮಾರ್ಚ್ ತಿಂಗಳು, ಬೆಳಿಗ್ಗೆ ಎಂಟೂವರೆ, ವಾಡಿಕೆ 9.4. ಇವತ್ತು ಓದಿದ್ದು 9.4. ಹಾಗೆ ಸರಿಸಮ ಬಂದಾಗ, ಅವಳು ನನಗಿಂತ ಮುಂಚೆ ಬಂದು ಇಣುಕಿ ಹೋದ ಹಾಗೆ ಆಗುತ್ತದೆ. ಅದನ್ನು ಉಳಿಸಿಕೊಟ್ಟವರು ನೀವು. ಆ ಮಾತು ಹೇಳಲು ಎರಡು ವಾರ ಬೇಕಾಯಿತು.

ನಿಮ್ಮ ಸಾಲಿನಲ್ಲಿ ಮಾತ್ರೆ ಹೆಚ್ಚಿಲ್ಲ, ಕಡಿಮೆಯೂ ಇಲ್ಲ.

ಒಂದು ಪ್ರಶ್ನೆ ನಮ್ಮ ಕೇಂದ್ರದಿಂದ ನಿಮ್ಮ ವಿಭಾಗಕ್ಕೆ. ನೀವು ಬರೆಯದ ಆ ವಾರಗಳಲ್ಲಿ, ನಿಮ್ಮ ಕಿಟಕಿಯ ಸರಳಿಗೆ ಕಟ್ಟಿದ ಥರ್ಮಾಮೀಟರ್ ಎಷ್ಟು ತೋರಿಸುತ್ತಿತ್ತು? ಇವತ್ತು ಎಷ್ಟಿದೆ? ಆ ಅಂಕಿಗಳನ್ನು ಯಾರೂ ಕೇಳುವುದಿಲ್ಲ ಎಂದು ಬರೆದಿದ್ದಿರಿ. ಕೇಳಲಾಗಿದೆ ಎಂದು ದಾಖಲಿಸಿಕೊಳ್ಳುವುದು.

ಉತ್ತರ ಬರೆಯಲೇಬೇಕೆಂದೇನಿಲ್ಲ. ಈಗ ಯಾವ ಪರೀಕ್ಷೆಯೂ ನಡೆಯುತ್ತಿಲ್ಲ ಎಂಬುದಷ್ಟೇ ತಮ್ಮ ಗಮನಕ್ಕೆ.

ವೀಕ್ಷಕ